ಮೀಟರಿನ ಅಂಕಿಯೂ ಅಚೌರ್ಯಾಣುವ್ರತವೂ

ಹುಬ್ಬಳ್ಳಿಯ ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಕಾಳು ತೂಗುವ ತಕ್ಕಡಿಗೆ ಕಾಲಕಾಲಕ್ಕೆ ಸರಕಾರದ ಮುದ್ರೆ ಬೀಳುತ್ತದೆ. ಬಾಡಿಗೆ ರಿಕ್ಷಾದ ಮೀಟರಿಗೂ ಮುದ್ರೆಯುಂಟು. 2009ರ ಕಾನೂನು ಮಾಪನ ಶಾಸ್ತ್ರ ಅಧಿನಿಯಮ ಎರಡನ್ನೂ ಅಳತೆಯ ಸಾಧನವೆಂದೇ ಎಣಿಸಿದೆ. ಆ ಮಾರುಕಟ್ಟೆಯಲ್ಲಿ ಅಂಗಡಿಯಿಟ್ಟ ಜೈನ ವರ್ತಕನೊಬ್ಬನು ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಅಂಟಿಸಿದನೆಂಬ ಸುದ್ದಿ ಹಬ್ಬಿದರೆ, ಮರುದಿನ ಅವನು ಬಸದಿಯ ಮೆಟ್ಟಿಲು ಹತ್ತಲು ನಾಚಬೇಕಾಗುತ್ತದೆ. ಆದರೆ ಅದೇ ವರ್ತಕನ ಮನೆಯ ಕಾರು ಒಂದು ಲಕ್ಷ ಇಪ್ಪತ್ತು ಸಾವಿರ ಕಿಲೋಮೀಟರು ಓಡಿ, ಮಾರಾಟದ ದಿನ ಅರವತ್ತು ಸಾವಿರವನ್ನು ತೋರಿಸಿದರೆ ಯಾರೂ ನಾಚುವುದಿಲ್ಲ. 'ಒಳ್ಳೇ ರೇಟಿಗೆ ಹೋಯಿತು' ಎಂದು ನೆಂಟರಿಷ್ಟರು ಮೆಚ್ಚುತ್ತಾರೆ. ಪೂಜೆ ಮುಗಿಸಿ ಹೊರಬಂದವರು ಬಸದಿಯ ಅಂಗಳದಲ್ಲಿಯೇ ನಿಂತು, ಆ ಕೆಲಸ ಮಾಡಿಕೊಡುವ ಏಜೆಂಟನ ಫೋನ್ ನಂಬರನ್ನು ಪರಸ್ಪರ ಹಂಚಿಕೊಳ್ಳುವುದಕ್ಕೂ ಅಡ್ಡಿಯಿಲ್ಲ.

ಈ ಎರಡಕ್ಕೂ ಇರುವ ಭೇದವೇನು? ತೂಕದಲ್ಲಿ ಕಡಿಮೆ ಕೊಟ್ಟು ಹೆಚ್ಚು ಹಣ ಪಡೆಯುವುದು ಒಂದು. ಓಟವನ್ನು ಕಡಿಮೆ ತೋರಿಸಿ ಹೆಚ್ಚು ಹಣ ಪಡೆಯುವುದು ಇನ್ನೊಂದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಹೀನಾಧಿಕಮಾನೋನ್ಮಾನವೆಂದರೆ ಅಳತೆಯಲ್ಲಿ ಮಾಡುವ ಮೋಸ. ಪ್ರತಿರೂಪಕವ್ಯವಹಾರವೆಂದರೆ ಕೆಟ್ಟದ್ದಕ್ಕೆ ಒಳ್ಳೆಯದರ ವೇಷ ಹಾಕಿ ಮಾರುವುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೆಂಬುದೊಂದಿದೆ. ಸುಳ್ಳು ದಾಖಲೆ ಬರೆಯುವುದು ಅದರ ಅರ್ಥ. ಮೀಟರನ್ನು ಹಿಂದೆ ತಿರುಗಿಸಿ, ಸರ್ವಿಸ್ ಪುಸ್ತಕಕ್ಕೆ ಹೊಸ ಮೊಹರು ಒತ್ತಿಸಿ, ಬಾಗಿದ ಚಾಸಿಗೆ ಬಣ್ಣ ಬಳಿದು ಮಾರುವವನು ಈ ಮೂರನ್ನೂ ಒಂದೇ ವ್ಯವಹಾರದಲ್ಲಿ ಮಾಡಿ ಮುಗಿಸುತ್ತಾನೆ. ಹಿಂದಿನ ಕಾಲದ ವರ್ತಕನಿಗೆ ಇಷ್ಟು ಸೌಲಭ್ಯವಿರಲಿಲ್ಲ.

ಪ್ರಾಚೀನ ಶ್ರಾವಕಾಚಾರಗಳು ಬಂಡಿಯನ್ನು ಮಾಡಿ ಮಾರುವ ಶಕಟಜೀವಿಕೆಯನ್ನೂ ಬಾಡಿಗೆಗೆ ಹೊಡೆಯುವ ಭಾಟಕಜೀವಿಕೆಯನ್ನೂ ಹದಿನೈದು ಖರಕರ್ಮಗಳಲ್ಲಿ ಸೇರಿಸಿದ್ದವು. ಎತ್ತಿನ ಹೆಗಲಿನ ನೋವನ್ನು ನೆನೆದು ಹಾಕಿದ ಕಟ್ಟಳೆಯದು. ಮೋಟಾರಿಗೆ ಎತ್ತಿಲ್ಲವಾದ್ದರಿಂದ ಆ ಕಟ್ಟಳೆ ತಮಗೆ ಸಲ್ಲದೆಂದು ಇಂದಿನವರು ತೀರ್ಮಾನಿಸಿಕೊಂಡಿದ್ದಾರೆ, ಇರಲಿ. ಆದರೆ ಎತ್ತಿನ ಜೊತೆಗೆ ಸತ್ಯವನ್ನೂ ಬಂಡಿಯಿಂದ ಬಿಚ್ಚಿಬಿಡಲು ಅವರಿಗೆ ಅನುಮತಿ ಕೊಟ್ಟವರಾರು?

ಶಬ್ದವೊಂದರ ಗೊಂದಲವನ್ನು ಇಲ್ಲಿ ತಿಳಿಗೊಳಿಸಬೇಕು. ನಮ್ಮ ಕಡೆ ಮೈಲೇಜ್ ಎಂದರೆ ಲೀಟರಿಗೆ ಎಷ್ಟು ಕಿಲೋಮೀಟರು ಎಂಬುದೇ ರೂಢಿಯ ಅರ್ಥ. ಇಲ್ಲಿ ಚರ್ಚಿಸುತ್ತಿರುವುದು ಗಾಡಿ ಹುಟ್ಟಿದಂದಿನಿಂದ ಓಡಿದ ಒಟ್ಟು ದೂರವನ್ನು. ರೋಮನ್ ಶಿಲ್ಪಿ ವಿಟ್ರುವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಇಂಥ ಯಂತ್ರವೊಂದನ್ನು ವರ್ಣಿಸಿದ್ದಾನೆ: ಬಂಡಿಯ ಗಾಲಿ ಉರುಳುತ್ತ ಹೋದಂತೆ ಮೈಲಿಗೊಂದು ಕಲ್ಲುಹರಳು ಪೆಟ್ಟಿಗೆಗೆ ಬೀಳುತ್ತದೆ, ಊರು ಮುಟ್ಟಿದ ಮೇಲೆ ಹರಳೆಣಿಸಿದರೆ ದೂರ ತಿಳಿಯುತ್ತದೆ. ಹರಳು ಕದಿಯುವವರು ಆಗಲೂ ಇದ್ದರೋ ಏನೋ. ತಂತಿಯಿಂದ ತಿರುಗುತ್ತಿದ್ದ ಹಳೆಯ ಮೀಟರುಗಳ ಕಾಲದಲ್ಲಿ ಗ್ಯಾರೇಜಿನ ಹುಡುಗನು ಅದನ್ನು ಬಿಚ್ಚಿ ಬೆರಳಿನಿಂದಲೇ ಹಿಂದೆ ತಿರುಗಿಸುತ್ತಿದ್ದನು. ಅನೇಕ ಮೀಟರುಗಳಲ್ಲಿ ಐದೇ ಅಂಕಿಗಳಿದ್ದುದರಿಂದ ತೊಂಬತ್ತೊಂಬತ್ತು ಸಾವಿರದಾಚೆಗೆ ಅವು ತಾವಾಗಿಯೇ ಸೊನ್ನೆಗೆ ಮರಳುತ್ತಿದ್ದವು. ಅಂಕಿಗಳು ವಿದ್ಯುನ್ಮಾನವಾದ ಮೇಲೆ ಮೋಸ ನಿಲ್ಲುವುದೆಂದು ಜನ ನಂಬಿದರು. ಆದದ್ದು ವಿಪರೀತ. ಡ್ಯಾಶ್‌ಬೋರ್ಡಿನ ಕೆಳಗಿನ ಕಿಂಡಿಗೆ ಒಂದು ಉಪಕರಣ ಚುಚ್ಚಿ, ಕೈಗೆ ಗ್ರೀಸು ಹತ್ತದಂತೆ, ಚಹಾ ಕುಡಿಯುವಷ್ಟರಲ್ಲಿ ಅಂಕಿಯನ್ನು ಬದಲಿಸುವುದು ಇಂದು ಸಾಧ್ಯವಾಗಿದೆ. ಆದರೂ ಅನೇಕ ಗಾಡಿಗಳಲ್ಲಿ ಎಂಜಿನ್ನಿನ ಗಣಕಪೆಟ್ಟಿಗೆಯಂಥ ಬೇರೆ ಕಡೆಗಳಲ್ಲಿಯೂ ಓಟದ ಲೆಕ್ಕ ಉಳಿದಿರುತ್ತದೆ. ಬಲ್ಲ ಮಿಸ್ತ್ರಿ ಅದನ್ನು ಓದಬಲ್ಲನು.

ಅಮೆರಿಕದಲ್ಲಿ ಈ ಮೋಸದ ವಿರುದ್ಧ 1972ರಲ್ಲಿಯೇ ಕೇಂದ್ರ ಕಾಯಿದೆ ಬಂದಿತು. ಆದಾಗ್ಯೂ ಅಲ್ಲಿಯ ಹೆದ್ದಾರಿ ಸುರಕ್ಷತಾ ಇಲಾಖೆ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವರ್ಷಕ್ಕೆ 4,50,000ಕ್ಕೂ ಮಿಕ್ಕ ಗಾಡಿಗಳು ಸುಳ್ಳು ಅಂಕಿಯೊಡನೆ ಮಾರಾಟವಾಗುತ್ತಿದ್ದವು. ಬೆಲ್ಜಿಯಂ ದೇಶವು 2006ರಿಂದ, ಗಾಡಿ ಗ್ಯಾರೇಜಿಗೆ ಹೋದಾಗಲೆಲ್ಲ ದಾಖಲಾದ ಅಂಕಿಗಳ ಪತ್ರವಿಲ್ಲದೆ ಹಳೆಯ ಕಾರನ್ನು ಮಾರಕೂಡದೆಂದು ವಿಧಿಸಿತು. ಅಲ್ಲಿ ಈ ರೋಗ ಬಹುಮಟ್ಟಿಗೆ ಇಳಿಯಿತು. ಭಾರತದಲ್ಲಿ ಅಂಥ ಪ್ರತ್ಯೇಕ ಕಾಯಿದೆಯಿಲ್ಲ. ಮೋಸಹೋದವನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ವಂಚನೆಯಡಿ ದೂರಬೇಕು, ಇಲ್ಲವೆ ವ್ಯಾಪಾರಿಯಿಂದ ಕೊಂಡಿದ್ದಲ್ಲಿ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತಟ್ಟಬೇಕು. ಅಂಕಿಯನ್ನು ಬದಲಿಸಿದವರಾರೆಂದು ಸಾಧಿಸುವಷ್ಟರಲ್ಲಿ ಗಾಡಿ ಗುಜರಿಗೆ ಹೋಗಿರುತ್ತದೆ.

'ಕೊಳ್ಳುವವನು ನೋಡಿಕೊಂಡು ಕೊಳ್ಳಲಿ' ಎಂಬುದು ಮಾರುವವರ ಮೊದಲ ಸಮರ್ಥನೆ. ಇದಕ್ಕೆ ಕಾನೂನಿನ ಬೆಂಬಲವೂ ಸ್ವಲ್ಪ ಇದೆ. 1930ರ ಸರಕು ಮಾರಾಟ ಅಧಿನಿಯಮದ 16ನೆಯ ಕಲಮು ಕೆಲವು ಅಪವಾದಗಳೊಡನೆ ಇದೇ ತತ್ತ್ವವನ್ನು ಒಪ್ಪುತ್ತದೆ. 1872ರ ಕರಾರು ಅಧಿನಿಯಮದ 17ನೆಯ ಕಲಮಿನ ವಿವರಣೆಯೂ, ಮಾತನಾಡಲೇಬೇಕಾದ ಕರ್ತವ್ಯವಿಲ್ಲದ ಕಡೆ ಬರಿಯ ಮೌನ ವಂಚನೆಯಲ್ಲವೆನ್ನುತ್ತದೆ. ಆದರೆ ಕಾನೂನು ಹೇಳುವುದು ಯಾವುದಕ್ಕೆ ಶಿಕ್ಷೆಯಿಲ್ಲವೆಂಬುದನ್ನು. ವ್ರತ ಹೇಳುವುದು ಯಾವುದು ಮಾಡತಕ್ಕದ್ದಲ್ಲವೆಂಬುದನ್ನು. ಕೋರ್ಟಿನಲ್ಲಿ ಗೆಲ್ಲುವಷ್ಟು ಮಾತ್ರ ಸತ್ಯ ಸಾಕೆಂದಾದರೆ ಅಣುವ್ರತಗಳನ್ನು ಸ್ವೀಕರಿಸುವ ಶ್ರಮವಾದರೂ ಏಕೆ, ಒಬ್ಬ ವಕೀಲರನ್ನು ಇಟ್ಟುಕೊಂಡರಾಯಿತು.

ಎರಡನೆಯ ಸಮರ್ಥನೆ ಇನ್ನೂ ಜಾಣತನದ್ದು. 'ಗಾಡಿಯನ್ನು ಏಜೆಂಟನಿಗೆ ಒಪ್ಪಿಸಿದೆವು. ಮೀಟರು ತಿರುಗಿಸಿದ್ದರೆ ಅವನು ತಿರುಗಿಸಿರಬೇಕು, ನಮಗೆ ಗೊತ್ತಿಲ್ಲ.' ಈ ಮಾತನ್ನು ಪ್ರತಿಷ್ಠಿತ ಮನೆತನಗಳೇ ಹೆಚ್ಚಾಗಿ ಆಡುತ್ತವೆ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಗೆಗಳನ್ನು ಪಾಠಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದಾಗ ಸಮ್ಮತಿಸಿದ್ದು, ಮೂರಕ್ಕೂ ಆಸ್ರವವುಂಟು. ಅರವತ್ತು ಸಾವಿರ ಓಡಿದ ಗಾಡಿಯ ಬೆಲೆಯನ್ನು ಒಂದು ಲಕ್ಷ ಇಪ್ಪತ್ತು ಸಾವಿರ ಓಡಿದ ಗಾಡಿಗೆ ಪಡೆದು ಪೆಟ್ಟಿಗೆಯಲ್ಲಿಟ್ಟವನು ಅನುಮೋದಿಸಲಿಲ್ಲವೆಂದು ಯಾವ ನಾಲಗೆಯಿಂದ ಹೇಳುವನು? ಆ ಹೆಚ್ಚಿನ ಹಣ ಎಲ್ಲಿಂದ ಬಂದಿತೆಂದು ಅವನು ಕೇಳಲಿಲ್ಲ. ಕೇಳದೆ ಇರುವುದೇ ಅವನು ಏಜೆಂಟನಿಗೆ ಕೊಟ್ಟ ಕಮಿಷನ್ನಿನ ಒಂದು ಭಾಗ.

ಕೊಳ್ಳುವವರೂ ನಿರ್ದೋಷಿಗಳಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಗಾಡಿ ನೋಡಲು ಹೋದವರ ಮೊದಲ ಪ್ರಶ್ನೆ 'ಎಷ್ಟು ಓಡೇತಿ?' ಎಂಬುದು. ಉತ್ತರ ಎಂಬತ್ತು ಸಾವಿರ ದಾಟಿತೋ, ಮುಖ ತಿರುಗಿಸುತ್ತಾರೆ. ಆಗ ಮಾರುವವನು ಕಲಿಯುವ ಪಾಠವೇನು? 'ಸಾಹೇಬ್ರ, ಡಾಕ್ಟರ್ ಗಾಡಿ ಐತ್ರಿ, ಮನಿಯಿಂದ ದವಾಖಾನಿಗೆ ಅಷ್ಟ, ಬರೇ ನಲವತ್ತು ಸಾವಿರ' ಎಂಬ ಮಾತು ಈ ಪೇಟೆಯಲ್ಲಿ ಹುಟ್ಟಿದ್ದು ಮಾರುವವನ ಬಾಯಿಯಿಂದಾದರೂ ಅದನ್ನು ಬಿತ್ತಿದ್ದು ಕೊಳ್ಳುವವನ ಕಿವಿ. ಅವಳಿ ನಗರಗಳ ಎಲ್ಲ ವೈದ್ಯರೂ ಸೇರಿ ಇಷ್ಟು ಗಾಡಿಗಳನ್ನು ಕೊಂಡಿರಲಾರರು. ಕಳ್ಳತನಕ್ಕೆ ಪ್ರೇರಿಸುವುದನ್ನೂ ಉಮಾಸ್ವಾಮಿಗಳು ಸ್ತೇನಪ್ರಯೋಗವೆಂದು ಅದೇ ಐದರಲ್ಲಿ ಸೇರಿಸಿದ್ದಾರೆಂಬುದನ್ನು ಕಡಿಮೆ ಅಂಕಿಗೇ ಹಟಹಿಡಿಯುವ ಗ್ರಾಹಕನು ನೆನೆಯಬೇಕು.

ಅಷ್ಟಕ್ಕೂ ಆ ಕಡಿಮೆ ಅಂಕಿಯಿಂದ ಸಿಗುವ ಲಾಭವೂ ಭ್ರಮೆಯೇ. ದುರ್ಗದಬೈಲು, ದಾಜಿಬಾನಪೇಟೆಗಳ ಸಂದಣಿಯಲ್ಲಿ ಒಂದನೆಯ, ಎರಡನೆಯ ಗೇರಿನಲ್ಲಿಯೇ ನಲವತ್ತು ಸಾವಿರ ತೆವಳಿದ ಗಾಡಿಯ ಕ್ಲಚ್ಚು, ಬ್ರೇಕು, ಎಂಜಿನ್ನುಗಳು ಸವೆದಿರುವಷ್ಟು, ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಸಮವೇಗದಿಂದ ಲಕ್ಷ ಓಡಿ ಸಕಾಲಕ್ಕೆ ಎಣ್ಣೆ ಬದಲಿಸಿಕೊಂಡ ಗಾಡಿಯದು ಸವೆಯದೆ ಇರುವುದುಂಟು. ತಣ್ಣಗಿನ ಎಂಜಿನ್ನನ್ನು ಶುರುಮಾಡಿ ಅದು ಕಾಯುವ ಮೊದಲೇ ನಿಲ್ಲಿಸುವುದು ಅದಕ್ಕೆ ದೊಡ್ಡ ಪೀಡೆ. ಇತ್ತೀಚಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಜರಡಿಯಿರುತ್ತದೆ. ಅಲ್ಪದೂರದ ಓಡಾಟದಲ್ಲಿ ಅದು ಸುಟ್ಟು ಶುದ್ಧವಾಗದೆ ಕಟ್ಟಿಕೊಳ್ಳುತ್ತದೆ. ಇನ್ನು ರಬ್ಬರಿನ ಕೊಳವೆ, ಬೆಲ್ಟು, ಟೈರುಗಳು ಓಡಿದರೂ ನಿಂತರೂ ಮುದಿಯಾಗುತ್ತವೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೀರಿದ ದ್ರವವು ಅರಬೈಲ್ ಘಾಟಿನ ಇಳಿಜಾರಿನಲ್ಲಿ ಕಾದು ಕುದಿದು ಆವಿಯಾದರೆ ಪೆಡಲು ಕಾಲ ಕೆಳಗೆ ಮೆತ್ತಗಾಗುತ್ತದೆ. ಮೀಟರಿನಲ್ಲಿ ಕಡಿಮೆ ಅಂಕಿಯಿದೆಯೆಂದು ಘಾಟು ಕರುಣೆ ತೋರದು.

ಆದ್ದರಿಂದ ಅಂಕಿಯನ್ನು ಇತಿಹಾಸದೊಡನೆ ಇಟ್ಟು ಓದಬೇಕು. ಎಂಟು ವರ್ಷದ ಡೀಸೆಲ್ ಕಾರೊಂದು 48,000 ತೋರಿಸುತ್ತಿದೆಯೆನ್ನೋಣ. ವರ್ಷಕ್ಕೆ ಆರು ಸಾವಿರ, ದಿನಕ್ಕೆ ಹದಿನಾರೇ ಕಿಲೋಮೀಟರು. ಹೆಚ್ಚು ಓಡಿಸುವವರೇ ಸಾಮಾನ್ಯವಾಗಿ ಡೀಸೆಲ್ಲಿಗೆ ಹೆಚ್ಚು ಬೆಲೆ ಕೊಟ್ಟು ಕೊಳ್ಳುವುದು. ಒಡೆಯನು ಹುಬ್ಬಳ್ಳಿಯಲ್ಲಿ ಮನೆಯಿದ್ದು ಧಾರವಾಡದ ಕಚೇರಿಗೆ ದಿನವೂ ಹೋಗಿ ಬರುತ್ತಿದ್ದವನಾದರೆ ದಿನಕ್ಕೆ ಸುಮಾರು ನಲವತ್ತು, ವರ್ಷಕ್ಕೆ ಮುನ್ನೂರು ದಿನವೆಂದರೂ ಹನ್ನೆರಡು ಸಾವಿರ, ಎಂಟು ವರ್ಷಕ್ಕೆ 96,000 ಆಗಬೇಕು. ಉಳಿದರ್ಧ ಎಲ್ಲಿ ಹೋಯಿತು? ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2319 ಎಂದಿದ್ದರೆ 2019ರ ಇಪ್ಪತ್ಮೂರನೆಯ ವಾರದಲ್ಲಿ ತಯಾರಾದದ್ದು. ಮೀಟರು ಇಪ್ಪತ್ತೆಂಟು ಸಾವಿರವೆನ್ನುವಾಗ ನಾಲ್ಕೂ ಟೈರುಗಳು ಗಾಡಿಗಿಂತ ಕಿರಿಯವಾಗಿದ್ದರೆ ಕಾರಣ ಕೇಳಬೇಕು. ಪೆಡಲಿನ ರಬ್ಬರು ನುಣುಪಾಗಿ, ಸ್ಟೇರಿಂಗಿನ ಚರ್ಮ ಹೊಳೆದು, ಚಾಲಕನ ಆಸನ ಕುಸಿದಿದ್ದರೆ ಅವು ಯಾವ ಉಪಕರಣಕ್ಕೂ ಬಗ್ಗದ ಸಾಕ್ಷಿಗಳು.

ಕಾಗದಪತ್ರಗಳೂ ಮಾತನಾಡುತ್ತವೆ. ಕಂಪನಿಯ ಗ್ಯಾರೇಜಿನಲ್ಲಿ ಗಾಡಿಯ ನಂಬರಿನ ಮೇಲೆ ಪ್ರತಿ ಸರ್ವಿಸಿನ ತಾರೀಖೂ ಅಂದಿನ ಅಂಕಿಯೂ ಉಳಿದಿರುತ್ತವೆ. ಒಡೆಯನೇ ಹೋಗಿ ಕೇಳಿದರೆ ಅವನ್ನು ಪಡೆಯಬಹುದು. ಪಡೆಯಲು ಒಲ್ಲದವನ ಗಾಡಿಯನ್ನು ಕೊಳ್ಳಲು ಒಲ್ಲೆನೆನ್ನಬೇಕು. ವಿಮೆಯ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ಸಿನ ಪ್ರಮಾಣವಿರುತ್ತದೆ: ಕ್ಲೇಮಿಲ್ಲದ ವರ್ಷಗಳಿಗೆ ಕ್ರಮವಾಗಿ ಶೇಕಡಾ 20, 25, 35, 45, 50. ಆರು ವರ್ಷದ ಗಾಡಿಗೆ ಅದು ಸೊನ್ನೆಯಾಗಿದ್ದು, ಮಾರುವವನು 'ಒಂದು ಗೀರೂ ಬಿದ್ದಿಲ್ಲ' ಎನ್ನುತ್ತಿದ್ದರೆ ಇಬ್ಬರಲ್ಲೊಬ್ಬರು ಸುಳ್ಳಾಡುತ್ತಿದ್ದಾರೆ, ಮತ್ತು ಪಾಲಿಸಿಗೆ ಸುಳ್ಳಾಡುವ ಕಾರಣ ಕಾಣದು. ಆರ್.ಸಿ.ಯಲ್ಲಿ ಎಷ್ಟನೆಯ ಒಡೆಯ, ಬ್ಯಾಂಕಿನ ಸಾಲದ ನಮೂದು ತೆಗೆದಿದೆಯೇ, ಹಿಂದೆ ಹಳದಿ ಬೋರ್ಡಿನ ಬಾಡಿಗೆ ಗಾಡಿಯಾಗಿತ್ತೇ ಎಂಬುದನ್ನು ನೋಡದೆ ಮುಂಗಡ ಕೊಡುವುದು ಅವಿವೇಕ.

ಗಡಿಯಾಚೆಯ ಗಾಡಿಗಳ ಮಾತು ಬೇರೆಯೇ. ಹುಬ್ಬಳ್ಳಿಗೆ ಗೋವಾವೂ ಸಮೀಪ, ಕೊಲ್ಲಾಪುರವೂ ಸಮೀಪ. 2019ರ ಆಗಸ್ಟಿನಲ್ಲಿ ಕೃಷ್ಣೆ-ಪಂಚಗಂಗೆಗಳು ಉಕ್ಕಿ ಕೊಲ್ಲಾಪುರ, ಸಾಂಗಲಿ, ಬೆಳಗಾವಿ ಜಿಲ್ಲೆಗಳು ಮುಳುಗಿದವು; 2021ರ ಜುಲೈನಲ್ಲಿ ಕೊಲ್ಲಾಪುರ-ಸಾಂಗಲಿಗಳಿಗೆ ಮತ್ತೆ ನೀರು ನುಗ್ಗಿತು. ಸಮಾಜದ ಎಷ್ಟೋ ಮನೆಗಳು ಆ ನೀರಿನಲ್ಲಿ ನಿಂತವು; ಅಲ್ಲಿಗೆ ಈ ಕಡೆಯಿಂದ ಅಕ್ಕಿ-ಬಟ್ಟೆ ಕಳುಹಿಸಿದವರಿಗೆ ಅದು ಮರೆತಿರಲಾರದು. ಹಾಗೆ ಮುಳುಗಿದ ಗಾಡಿಯನ್ನು ವಿಮಾ ಕಂಪನಿ ಪೂರ್ಣ ನಷ್ಟವೆಂದು ಬರೆದು ಲಿಲಾವಿಗೆ ಹಾಕುತ್ತದೆ. ಅದನ್ನು ಅಗ್ಗಕ್ಕೆ ಕೊಂಡು, ತೊಳೆದು, ಒಣಗಿಸಿ, ದೂರದ ಊರಿನಲ್ಲಿ ಮಾರುವುದು ಒಂದು ಕಸುಬು. ಮೀಟರಿನ ಅಂಕಿ ಅಲ್ಲಿ ಪೂರ್ತಿ ನಿಜವಾಗಿಯೇ ಇರಬಹುದು! ನಿಜವಾದ ಅಂಕಿಯೂ ಸುಳ್ಳಿಗೆ ಹೇಗೆ ಸಹಾಯಕವಾಗುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ನೀರಿನ ಗೆರೆ ಸಿಗುತ್ತದೆ. ಆಸನದ ಹಳಿಗಳ ಅಡಿಯಲ್ಲಿ ಒಣಮಣ್ಣು ಸಿಗುತ್ತದೆ. ಹೊರರಾಜ್ಯದ ಪಾಸಿಂಗಿನ ಗಾಡಿಗೆ ಅಲ್ಲಿಯ ನಿರಾಕ್ಷೇಪಣಾ ಪತ್ರ ತಂದು ಕರ್ನಾಟಕದ ಆಜೀವ ತೆರಿಗೆ ತುಂಬಬೇಕು. ತುಂಬದೆ ಓಡಿಸಿದರೆ ಅದು ವಿರುದ್ಧರಾಜ್ಯಾತಿಕ್ರಮ, ಅದೂ ಅಚೌರ್ಯದ ಅತಿಚಾರವೇ. ಅಗ್ಗದ ಗಾಡಿಯ ಲೆಕ್ಕ ಹಾಕುವವರು ಈ ತೆರಿಗೆಯನ್ನು ಬಿಟ್ಟೇ ಲೆಕ್ಕ ಹಾಕುತ್ತಾರೆ.

'ನಮ್ಮವರ ಗಾಡಿ' ಎಂಬ ಮಾತಿನ ಮೇಲೆ ನಿಲ್ಲದೆ ಈ ಚರ್ಚೆ ಮುಂದೆ ಹೋಗಬಾರದು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟು ಒಂದು ಪ್ರಬಂಧ ಬರೆದರು. 2001ರ ನೊಬೆಲ್ ಪಾರಿತೋಷಕ ಅವರಿಗೆ ಸಂದದ್ದು ಆ ವಿಚಾರಧಾರೆಗಾಗಿ. ಗಾಡಿಯ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಗಾಡಿಗಳಿಗೂ ಅನುಮಾನದ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವರು ಮಾರಲು ಒಲ್ಲರು. ಕ್ರಮೇಣ ಪೇಟೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಅದೇ ಪ್ರಬಂಧದಲ್ಲಿ ಅವರು ಭಾರತದ ವ್ಯಾಪಾರಿ ಸಮುದಾಯಗಳನ್ನೂ ನೆನೆದಿದ್ದಾರೆ: ಇಂಥ ಅನುಮಾನದ ಪೇಟೆಯಲ್ಲಿ ತಮ್ಮವರೊಳಗಿನ ಪ್ರಾಮಾಣಿಕ ವ್ಯವಹಾರದ ಹೆಸರೇ ಅವುಗಳಿಗೆ ಬಂಡವಾಳವಾಗಿತ್ತೆಂಬುದು ಅವರ ತರ್ಕ. ಜೈನ ವರ್ತಕನ ಮಾತಿಗೆ ಕಾಗದ ಬೇಡವೆಂಬ ಹೆಸರು ಅಂಥ ಬಂಡವಾಳವೇ. ಹತ್ತಾರು ತಲೆಮಾರುಗಳ ಹಿರಿಯರು ನಷ್ಟ ಸಹಿಸಿ ಕೂಡಿಟ್ಟದ್ದನ್ನು ಇಪ್ಪತ್ತೈದು-ಮೂವತ್ತು ಸಾವಿರ ರೂಪಾಯಿಯ ಹೆಚ್ಚಳಕ್ಕಾಗಿ ಕರಗಿಸುವುದು ಪಾಪವಷ್ಟೇ ಅಲ್ಲ, ಕೆಟ್ಟ ವ್ಯಾಪಾರವೂ ಹೌದು. ಇದರಲ್ಲಿ ಮೋಸಹೋಗುವವನು ಪರಕೀಯನಲ್ಲ. ಸಾಧರ್ಮಿಯೆಂದು ನಂಬಿ, ಮಿಸ್ತ್ರಿಯನ್ನೂ ಕರೆದೊಯ್ಯದೆ, ನೋಡದೆ ಕೊಂಡವನು. ನಂಬಿದ್ದರಿಂದಲೇ ಅವನಿಗೆ ಹೆಚ್ಚು ಮೋಸ.

ಟ್ರಸ್ಟುಗಳ ವಿಷಯ ಇನ್ನೂ ಗಂಭೀರವಾದದ್ದು. ಮುನಿಸಂಘಗಳು ಪಾದವಿಹಾರ ಮಾಡುತ್ತವೆ. ಆದರೆ ಹಿಂದೆ ಚೌಕದ ಪಾತ್ರೆ-ಪಡಗ, ವೃದ್ಧ ಶ್ರಾವಕ-ಶ್ರಾವಿಕೆಯರು ಬರುವುದು ವಾಹನದಲ್ಲಿಯೇ. ವರೂರಿನ ನವಗ್ರಹ ತೀರ್ಥಕ್ಕೋ ಹೊಂಬುಜಕ್ಕೋ ಶ್ರವಣಬೆಳಗೊಳಕ್ಕೋ ಜನರನ್ನು ಕರೆದೊಯ್ಯಲೆಂದು ಅನೇಕ ಬಸದಿಗಳು ಹಳೆಯ ಗಾಡಿ ಕೊಳ್ಳುತ್ತವೆ. ಕೊಳ್ಳುವ ರೀತಿ ಹೇಗೆ? ವಿಶ್ವಸ್ಥರಲ್ಲೊಬ್ಬರ ಬೀಗರದ್ದು ಒಂದಿರುತ್ತದೆ. ಸಭೆಯಲ್ಲಿ ಸಂಕೋಚದಿಂದ ಯಾರೂ ಬಾಯಿಬಿಡುವುದಿಲ್ಲ. ಠರಾವು ಸರ್ವಾನುಮತದಿಂದ ಪಾಸಾಗುತ್ತದೆ. ಸಂಕೋಚವನ್ನು ಸೌಜನ್ಯವೆಂದು ಕರೆಯುವುದು ರೂಢಿ. ಮುಡಿಪಿನ ಪೆಟ್ಟಿಗೆಗೆ ಹತ್ತು ರೂಪಾಯಿ ಹಾಕಿದ ವಿಧವೆಯ ಹಣವನ್ನು ಅಧ್ಯಕ್ಷರ ಬೀಗರ ಸವೆದ ಗೇರುಪೆಟ್ಟಿಗೆಗೆ ಕೊಡುವಾಗ ಅದು ಸೌಜನ್ಯವಾಗಿ ಉಳಿಯುವುದಿಲ್ಲ. ಅಂಥ ಗಾಡಿಯಲ್ಲಿ ಘಾಟಿನಲ್ಲಿ ಕುಳಿತಿರುವವರು ಠರಾವಿಗೆ ಕೈಯೆತ್ತಿದವರಲ್ಲ, ಬೇರೆ ಗತಿಯಿಲ್ಲದ ಮುದುಕರು.

ದಾನದ ಗಾಡಿಗಳದು ಮತ್ತೊಂದು ಕಥೆ. ಮಾರಲು ಬಾರದ ಗಾಡಿಯನ್ನು ಬಸದಿಗೆ ದಾನವಾಗಿತ್ತು, ಗಾಜಿನ ಮೇಲೆ ಹೆಸರು ಬರೆಸಿ, ಆರ್.ಸಿ.ಯಲ್ಲಿ ಮಾತ್ರ ಹೆಸರು ಬದಲಿಸದೆ ಬಿಡುವ ದಾನಿಗಳಿದ್ದಾರೆ. ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿರುವಂತೆ, ಗಾಡಿ ಎಷ್ಟು ಕೈ ದಾಟಿದ್ದರೂ ಅಪಘಾತದ ಪರಿಹಾರಕ್ಕೆ ಹೊಣೆಯಾಗುವ ಒಡೆಯನು ನೋಂದಣಿಯಲ್ಲಿ ಹೆಸರಿರುವವನೇ. 1988ರ ಮೋಟಾರು ವಾಹನ ಅಧಿನಿಯಮದ 50ನೆಯ ಕಲಮಿನ ಮೇರೆಗೆ ಒಂದೇ ರಾಜ್ಯದೊಳಗೆ ಮಾರಿದವನು ಹದಿನಾಲ್ಕು ದಿನಗಳೊಳಗೆ, ಕೊಂಡವನು ಮೂವತ್ತು ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸತಕ್ಕದ್ದು. 2023ರ ಏಪ್ರಿಲ್ 1ರಿಂದ ಹಳೆಯ ಗಾಡಿಗಳ ವ್ಯಾಪಾರಿಗಳಿಗೂ ಅಧಿಕಾರಪತ್ರ ಬೇಕೆಂಬ ನಿಯಮ ಬಂದಿದೆ. ತನ್ನ ವಶಕ್ಕೆ ಬಂದ ಗಾಡಿಗೆ ಅಂಥ ವ್ಯಾಪಾರಿಯೇ ಒಡೆಯನೆಂದು ಭಾವಿಸಲ್ಪಡುತ್ತಾನೆ. ಅದು ಎಲ್ಲಿಗೆ, ಎಷ್ಟು ಓಡಿತೆಂಬ ದಾಖಲೆಯನ್ನೂ ಅವನು ಇಡತಕ್ಕದ್ದು. ಏಜೆಂಟನಿಗೆ ಅಧಿಕಾರಪತ್ರವಿದೆಯೇ ಎಂದು ಕೇಳುವ ಒಂದು ಪ್ರಶ್ನೆಗೆ ಸಮಾಜದವರಿಗೆ ಇನ್ನೂ ನಾಲಗೆ ಹೊರಳದಿರುವುದು ಆಶ್ಚರ್ಯ.

ಈ ವರ್ಷದ ವಾರ್ಷಿಕ ಸಭೆಗಳಲ್ಲಿ ಟ್ರಸ್ಟುಗಳು ಒಂದು ಠರಾವನ್ನಾದರೂ ಬರೆದುಕೊಳ್ಳಲಿ. ಬಸದಿ ಕೊಳ್ಳುವ, ಮಾರುವ, ದಾನವಾಗಿ ಪಡೆಯುವ ಪ್ರತಿ ವಾಹನಕ್ಕೂ ಅಂದಿನ ಮೀಟರಿನ ಅಂಕಿ, ಗ್ಯಾರೇಜಿನ ಸರ್ವಿಸ್ ದಾಖಲೆಯ ಪ್ರತಿ, ಸಂಬಂಧವಿಲ್ಲದ ಮಿಸ್ತ್ರಿಯೊಬ್ಬನ ಲಿಖಿತ ಅಭಿಪ್ರಾಯ ನಡವಳಿಯ ಪುಸ್ತಕದಲ್ಲಿರಬೇಕು. ಗಾಡಿಯ ಒಡೆಯನಿಗೆ ನೆಂಟನಾದ ವಿಶ್ವಸ್ಥನು ಆ ಸಭೆಯಿಂದ ಎದ್ದು ಹೊರಗೆ ಕೂಡಬೇಕು. ಮನೆಯ ಗಾಡಿ ಮಾರುವ ಗೃಹಸ್ಥನಿಗೆ ಅಷ್ಟೂ ಬೇಡ, ಅರ್ಧ ಹಾಳೆ ಸಾಕು: ಗಾಡಿ ನಿಜವಾಗಿ ಎಷ್ಟು ಓಡಿದೆ, ಎಲ್ಲಿ ಬಡಿದಿದೆ, ನೀರಿನಲ್ಲಿ ನಿಂತಿತ್ತೇ, ಯಾವ ಭಾಗ ಬದಲಾಗಿದೆ. ಕೆಳಗೆ ಇಬ್ಬರ ಸಹಿ. ಮೀಟರು ಕೆಟ್ಟು ಬದಲಿಸಿದ್ದರೆ ಹಳೆಯ ಮೀಟರಿನ ಕೊನೆಯ ಅಂಕಿಯನ್ನೂ ಅದರಲ್ಲಿಯೇ ಬರೆಯಬೇಕು.